ಮೈದಾನದಲ್ಲಿ ‘ಸಾಕು’ ಅನ್ನುವವರು ಯಾರು?

ಹೋದ ತಿಂಗಳು ಒಂದು ಭಾನುವಾರ ಬೆಳಿಗ್ಗೆ, ನನ್ನ ಎರಡನೇ ಚಹಾ ಇನ್ನೂ ಮುಗಿದಿರಲಿಲ್ಲ, ನಮ್ಮ ಸೊಸೈಟಿಯ ಬಿ ವಿಂಗಿನ ಹುಡುಗಿ ಒಂದು ಫೈಲು ಹಿಡಿದುಕೊಂಡು ಬಂದಳು. ಹಿಂದೆ ಅವರಪ್ಪ. ಬಾಗಲಕೋಟೆ ಕಡೆಯವರು, ಡೊಂಬಿವಲಿಗೆ ಬಂದು ನನ್ನಷ್ಟೇ ವರ್ಷವಾಗಿದೆ. ಬ್ಯಾಂಕಿನವನು ಅಂದಮೇಲೆ ಭಾನುವಾರದ ಈ ಬಿಟ್ಟಿ ಸೇವೆ ತಪ್ಪಿದ್ದಲ್ಲ. ಒಬ್ಬರಿಗೆ ಎಫ್‌ಡಿ ಬಡ್ಡಿ, ಇನ್ನೊಬ್ಬರಿಗೆ ಲಾಕರು, ಮತ್ತೊಬ್ಬರಿಗೆ ತೀರಿಕೊಂಡ ಅತ್ತೆಯ ಖಾತೆಯ ನಾಮಿನಿ ವಿಚಾರ. ಇವತ್ತಿನದು ಎಜುಕೇಶನ್ ಲೋನ್.

“ಏನ್ ಓದಾಕ ಹೊಂಟೀಯವಾ?” ಅಂತ ಕೇಳಿದೆ.

“ಅಥ್ಲೆಟಿಕ್ ಟ್ರೇನಿಂಗ್ ರೀ ಕಾಕಾ. ಅಮೆರಿಕಾದಾಗ, ಎರಡು ವರ್ಷದ ಮಾಸ್ಟರ್ಸ್.”

ಹುಡುಗಿ ಫಿಸಿಯೋಥೆರಪಿ ಮುಗಿಸಿ ಕಲ್ಯಾಣದ ಒಂದು ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದಾಳೆ. ನನ್ನ ಬಾಯಿ ಸುಮ್ಮನಿರಬೇಕಲ್ಲ.. “ಫಿಸಿಯೋ ಆದಾಕಿ ಡ್ರಿಲ್ ಮಾಸ್ತರ್ ಆಗಾಕ ಅಷ್ಟು ದೂರ ಯಾಕ ಹೋಗಬೇಕು?” ಅಂದುಬಿಟ್ಟೆ. ಅವಳು ನಕ್ಕಳು. “ಎಲ್ಲಾರೂ ಹಿಂಗ ಕೇಳತಾರ್ರಿ ಕಾಕಾ. ಅದು ಕೋಚಿಂಗ್ ಅಲ್ರಿ.” ಆಮೇಲೆ ಒಂದು ಗಂಟೆ ನನಗೆ ಪಾಠವಾಯಿತು. ಅವರು ಹೋದ ಮೇಲೆ ನಾನೇ ಕೂತು ಒಂದು ವಾರ ಓದಿದೆ. ಓದಿದಷ್ಟೂ ನನ್ನ ಅಭಿಪ್ರಾಯ ಬದಲಾಯಿತು. ಜೊತೆಗೆ ಒಂದು ಹಳೆಯ ಮುಜುಗರವೂ ಮೇಲೆ ಬಂತು, ಅದನ್ನು ಆಮೇಲೆ ಹೇಳುತ್ತೇನೆ.

ತಪ್ಪು ಆ ಹೆಸರಿನದು. ಅಥ್ಲೆಟಿಕ್ ಟ್ರೇನರ್ ಅಂದರೆ ಓಟ ಕಲಿಸುವವನಲ್ಲ, ಜಿಮ್ಮಿನಲ್ಲಿ ತೂಕ ಎತ್ತಿಸುವವನೂ ಅಲ್ಲ. ತಂಡದ ಜೊತೆಗೇ ಇದ್ದು ಆಟಗಾರರ ದೇಹ ಕಾಯುವ ಆರೋಗ್ಯ ಸಿಬ್ಬಂದಿ. ಕನ್ನಡದಲ್ಲಿ ಒಂದು ಒಳ್ಳೆಯ ಪದ ಹುಡುಕಿದೆ, ಸಿಗಲಿಲ್ಲ. ವೈದ್ಯರು ಆಸ್ಪತ್ರೆಯಲ್ಲಿ ಇರುತ್ತಾರೆ, ಫಿಸಿಯೋ ಕ್ಲಿನಿಕ್ಕಿನಲ್ಲಿ ಇರುತ್ತಾರೆ, ಇವರು ಬೌಂಡರಿ ಗೆರೆಯ ಪಕ್ಕ ಇರುತ್ತಾರೆ. ಪೆಟ್ಟು ಬೀಳುವ ಹೊತ್ತಿಗೆ ಅಲ್ಲಿರುವುದೇ ಅವರ ಕೆಲಸ.

2023ರ ಜನವರಿ 2ರಂದು ಸಿನ್ಸಿನಾಟಿಯಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಅಮೆರಿಕನ್ ಫುಟ್‌ಬಾಲ್ ಪಂದ್ಯ. ಬಫಲೋ ಬಿಲ್ಸ್ ತಂಡದ ಡಾಮರ್ ಹ್ಯಾಮ್ಲಿನ್ ಒಂದು ಡಿಕ್ಕಿಯ ನಂತರ ಎದ್ದು ನಿಂತು, ಹಾಗೇ ಹಿಂದಕ್ಕೆ ಬಿದ್ದ. ಹೃದಯ ನಿಂತುಹೋಗಿತ್ತು. ಓಡಿಬಂದು ಅವನ ಎದೆ ಒತ್ತಿದವರು ತಂಡದ ಸಹಾಯಕ ಅಥ್ಲೆಟಿಕ್ ಟ್ರೇನರ್ ಡೆನ್ನಿ ಕೆಲಿಂಗ್‌ಟನ್. ಹುಡುಗ ಬದುಕಿದ, ಅದೇ ವರ್ಷ ಮತ್ತೆ ಮೈದಾನಕ್ಕೂ ಇಳಿದ. ಟಿವಿಯಲ್ಲಿ ನೋಡಿದಾಗ ಯಾರೋ ಡಾಕ್ಟರು ಇರಬೇಕು ಅಂತ ನಾನು ಅಂದುಕೊಂಡಿದ್ದೆ.

ಈ ವೃತ್ತಿಗೆ ಅಲ್ಲಿ ಹಳೆಯ ಇತಿಹಾಸವಿದೆ. ಅವರ ರಾಷ್ಟ್ರೀಯ ಸಂಘ ಕಟ್ಟಿದ್ದು 1950ರಲ್ಲಿ, ಕಾನ್ಸಾಸ್ ಸಿಟಿಯಲ್ಲಿ. ಆದರೆ ಅಮೆರಿಕದ ವೈದ್ಯರ ಸಂಘ ಇದನ್ನು ಆರೋಗ್ಯ ವೃತ್ತಿ ಅಂತ ಒಪ್ಪಿಕೊಂಡದ್ದು 1990ರಲ್ಲಿ, ಅಂದರೆ ನಲವತ್ತು ವರ್ಷ ಬೇಕಾಯಿತು. ಮೊದಲೆಲ್ಲ ಹಿರಿಯ ಟ್ರೇನರ್ ಕೈಕೆಳಗೆ ಇಷ್ಟು ಗಂಟೆ ದುಡಿದಿದ್ದೇನೆ ಅಂತ ತೋರಿಸಿದರೆ ಪರೀಕ್ಷೆಗೆ ಕೂರಬಹುದಿತ್ತು. 2004ಕ್ಕೆ ಆ ಬಾಗಿಲು ಮುಚ್ಚಿತು, ಮಾನ್ಯತೆ ಪಡೆದ ಪದವಿಯೇ ಬೇಕು ಅಂತಾಯಿತು. 2015ರಲ್ಲಿ ಇನ್ನೂ ಒಂದು ಹೆಜ್ಜೆ, ಬ್ಯಾಚುಲರ್ಸ್ ಸಾಲದು, ಮಾಸ್ಟರ್ಸ್ ಬೇಕು. 2022ರಿಂದ ಈಚೆಗೆ ಮಾನ್ಯತೆ ಪಡೆದ ಬ್ಯಾಚುಲರ್ ಕೋರ್ಸುಗಳಿಗೆ ಹೊಸಬರನ್ನು ಸೇರಿಸಿಕೊಳ್ಳುವಂತಿಲ್ಲ. ಜೀವಶಾಸ್ತ್ರ, ರಸಾಯನ, ಭೌತಶಾಸ್ತ್ರ, ಮನಶ್ಶಾಸ್ತ್ರ, ಅಂಗರಚನೆ, ಶರೀರಕ್ರಿಯೆ ಇಷ್ಟನ್ನೂ ಓದಿಕೊಂಡು ಬಂದವರಿಗೇ ಪ್ರವೇಶ. ಬಿಕಾಂ ಮಾಡಿದ ನನ್ನಂಥವನು ಹೊರಗೇ ನಿಲ್ಲಬೇಕು! ಕೋರ್ಸು ಮುಗಿದ ಮೇಲೆ ರಾಷ್ಟ್ರಮಟ್ಟದ ಪರೀಕ್ಷೆ, ಅದರ ಮೇಲೆ ಹೆಚ್ಚುಕಡಿಮೆ ಎಲ್ಲ ರಾಜ್ಯಗಳಲ್ಲೂ ಲೈಸೆನ್ಸು.

ಓದುವುದೇನು? ಇಲ್ಲೇ ನನಗೆ ನಿಜವಾಗಿ ಆಶ್ಚರ್ಯವಾದದ್ದು. ಟೇಪು ಸುತ್ತುವುದು, ಐಸು ಇಡುವುದು ಬಹಳ ಸಣ್ಣ ಭಾಗ. ಕತ್ತಿನ ಮೂಳೆಗೆ ಪೆಟ್ಟಾದವನನ್ನು ಅಲ್ಲಾಡದ ಹಾಗೆ ಹಲಗೆಗೆ ಹೇಗೆ ಎತ್ತಬೇಕು, ಅವನ ಹೆಲ್ಮೆಟ್ಟು ಹೇಗೆ ಬಿಚ್ಚಬೇಕು, ಆಸ್ತಮಾ ಮತ್ತು ಸಕ್ಕರೆ ಕಾಯಿಲೆ ಇರುವ ಆಟಗಾರನಿಗೆ ಏನಾಗಬಹುದು, ಖಿನ್ನತೆಯ ಗುರುತೇನು, ಶಸ್ತ್ರಚಿಕಿತ್ಸೆ ಆದವನನ್ನು ಮತ್ತೆ ಆಟಕ್ಕೆ ತರುವ ಹಂತಗಳೇನು.. ಎಲ್ಲಕ್ಕೂ ಕೈಕೆಲಸದ ತರಬೇತಿ. ಕಡೇಪಕ್ಷ ನಾಲ್ಕು ವಾರ ಪೂರ್ತಿ ತರಗತಿ ಬಿಟ್ಟು ಒಂದು ತಂಡದ ಜೊತೆಗೋ ಕ್ಲಿನಿಕ್ಕಿನಲ್ಲೋ ದಿನವಿಡೀ ದುಡಿಯಬೇಕು.

ಮೊಣಕಾಲಿನ ಒಂದು ವಿಷಯ ಹೇಳಿದಳು, ಅದು ನನ್ನ ತಲೆಯಲ್ಲೇ ಕೂತಿದೆ. ಮೊಣಕಾಲಿನ ಎಸಿಎಲ್ ಎಂಬ ಲಿಗಮೆಂಟು ಹರಿದಿದೆಯೋ ಇಲ್ಲವೋ ಅಂತ ಕೈಯಿಂದಲೇ ನೋಡುವ ಒಂದು ಪರೀಕ್ಷೆ ಇದೆ, ಲ್ಯಾಕ್‌ಮನ್ ಟೆಸ್ಟ್. ಅದನ್ನು ಮಾಡಲು ಒಳ್ಳೆಯ ಸಮಯ ಪೆಟ್ಟು ಬಿದ್ದ ಮೊದಲ ಕೆಲವೇ ನಿಮಿಷ. ಆಮೇಲೆ ಕಾಲು ಊದಿಕೊಳ್ಳುತ್ತದೆ, ನೋವಿಗೆ ತೊಡೆಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಎಂಥ ಡಾಕ್ಟರಿಗೂ ಸರಿಯಾಗಿ ತಿಳಿಯುವುದು ಕಷ್ಟ. ಅಂದರೆ ದೊಡ್ಡ ಆಸ್ಪತ್ರೆಯ ದೊಡ್ಡ ಸರ್ಜನ್‌ಗೆ ಸಿಗದ ಅವಕಾಶ ಮೈದಾನದ ಅಂಚಿನಲ್ಲಿ ನಿಂತವರಿಗೆ ಸಿಗುತ್ತದೆ, ಅವರಿಗೆ ವಿದ್ಯೆ ಇದ್ದರೆ.

ಈಗ ಆ ಮುಜುಗರದ ವಿಷಯ.

ಈ ಹುಡುಗಿ ಹನ್ನೆರಡನೇ ಇಯತ್ತೆಯಲ್ಲಿದ್ದಾಗ ಕಬಡ್ಡಿ ಆಡುತ್ತಿದ್ದಳು. ಒಳ್ಳೆಯ ರೇಡರ್. ಅಂತರ ಕಾಲೇಜು ಪಂದ್ಯಕ್ಕೆ ಅವರಪ್ಪನ ಜೊತೆ ನಾನೂ ಹೋಗಿದ್ದೆ. ರೇಡಿಗೆ ಹೋದವಳು ತಿರುಗುವಾಗ ಕುಸಿದು ಕೂತಳು. ಒಳಗೆ ಟಪ್ ಅಂತ ಸದ್ದಾಯಿತಂತೆ. ತಂಡದ ಜೊತೆ ಬಂದಿದ್ದವರು ಸ್ಪ್ರೇ ಹೊಡೆದರು, ಯಾರೋ ಕಾಲು ಹಿಡಿದು ಜಗ್ಗಿದರು, ಕ್ರೇಪ್ ಬ್ಯಾಂಡೇಜು ಸುತ್ತಿದರು. ನಾಲ್ಕು ಪಾಯಿಂಟು ಹಿಂದೆ ಇದ್ದರು. ಅವರಪ್ಪ ನನ್ನ ಮುಖ ನೋಡಿ “ಆಡ್ಲೇನ್ರಿ?” ಅಂದರು. ನಾನು, ನಮ್ಮ ಸೊಸೈಟಿಯ ಸರ್ವಜ್ಞ, “ಏನಾಗಂಗಿಲ್ಲ, ಆಡ್ಲಿ ಬಿಡ್ರಿ” ಅಂದೆ. ಹುಡುಗಿ ಕುಂಟುತ್ತಾ ಒಳಗೆ ಹೋದಾಗ ಜೋರಾಗಿ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬ. ಐದು ನಿಮಿಷಕ್ಕೆ ಮತ್ತೆ ಬಿದ್ದಳು. ಉಳುಕು ಅಂತ ಎಣ್ಣೆ ತಿಕ್ಕಿಸಿ ತಿಂಗಳುಗಟ್ಟಲೆ ಕಳೆದರು. ಕೊನೆಗೆ ಎಂಆರ್‌ಐ ಮಾಡಿಸಿದಾಗ ಲಿಗಮೆಂಟೂ ಹರಿದಿತ್ತು, ಒಳಗಿನ ಕುಶನ್ ಇದೆಯಲ್ಲ, ಮೆನಿಸ್ಕಸ್, ಅದೂ ಹರಿದಿತ್ತು. ಆಪರೇಶನ್ ಆಯಿತು. ಕಬಡ್ಡಿ ಅಲ್ಲಿಗೆ ಮುಗಿಯಿತು. ಮೊದಲ ಬೀಳಿಗೇ ಎಷ್ಟು ಹರಿದಿತ್ತು, ಎರಡನೆಯದಕ್ಕೆ ಎಷ್ಟು ಅಂತ ಈಗ ಯಾರೂ ಹೇಳಲಾರರು. ಅವಳು ಈ ಬಗ್ಗೆ ನನಗೆ ಒಂದು ಮಾತೂ ಅಂದಿಲ್ಲ. ಅದೇ ಕಷ್ಟ.

ಆ ದಿನ ಅಲ್ಲಿ ಇನ್ನೂರು ಜನ ಇದ್ದಿರಬಹುದು. ರೆಫರಿ, ಸ್ಕೋರರ್, ಮುಖ್ಯ ಅತಿಥಿ, ಹಾರ ತರುವವರು, ಮೈಕಿನವರು. ‘ಸಾಕು, ಹೊರಗೆ ಬಾ’ ಅನ್ನುವ ವಿದ್ಯೆಯೂ ಅಧಿಕಾರವೂ ಇದ್ದವರು ಒಬ್ಬರೂ ಇರಲಿಲ್ಲ.

ಅಧಿಕಾರ ಅಂದೆ, ಬೇಕೆಂದೇ ಅಂದೆ. ವಿದ್ಯೆ ಮಾತ್ರ ಸಾಲದು ಅನ್ನುವುದಕ್ಕೆ ಅಮೆರಿಕದಲ್ಲೇ ಸಾಕ್ಷಿ ಇದೆ. 2018ರ ಮೇ 29ರಂದು ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ಅಭ್ಯಾಸದಲ್ಲಿ ಜೋರ್ಡನ್ ಮೆಕ್‌ನೇರ್ ಎಂಬ 19 ವರ್ಷದ ಹುಡುಗ ಓಟದ ಸುತ್ತುಗಳ ನಡುವೆ ಕುಸಿದ. ಶ್ರಮದಿಂದ ಆಗುವ ಉಷ್ಣಾಘಾತ. ಇದಕ್ಕೆ ಮದ್ದು ಈ ಕೋರ್ಸಿನ ಪುಸ್ತಕದಲ್ಲೇ ಇದೆ. ಮೈಯೊಳಗಿನ ಉಷ್ಣತೆ ನೋಡು, 40.5 ಡಿಗ್ರಿ ದಾಟಿದ್ದರೆ ಅಲ್ಲೇ, ಆ ಕ್ಷಣವೇ ಐಸು ನೀರಿನ ತೊಟ್ಟಿಯಲ್ಲಿ ಮುಳುಗಿಸು, ಅರ್ಧ ಗಂಟೆಯೊಳಗೆ ಇಳಿಸು, ಆಂಬ್ಯುಲೆನ್ಸಿಗೆ ಹತ್ತಿಸುವುದು ಆಮೇಲೆ. ಸಮಯಕ್ಕೆ ಸರಿಯಾಗಿ ಮಾಡಿದರೆ ಬಹುತೇಕ ಎಲ್ಲರೂ ಉಳಿಯುವ ಆಪತ್ತು ಇದು. ಅಲ್ಲಿ ಟ್ರೇನರುಗಳೂ ಇದ್ದರು. ಆದರೆ ಸ್ವತಂತ್ರ ತನಿಖೆ ಹೇಳಿದ ಪ್ರಕಾರ ಉಷ್ಣತೆ ನೋಡಲಿಲ್ಲ, ತಣ್ಣೀರಲ್ಲಿ ಮುಳುಗಿಸಲಿಲ್ಲ, ತುರ್ತು ಕರೆ ಹೋದದ್ದೂ ತಡವಾಗಿ. ಜೂನ್ 13ಕ್ಕೆ ಹುಡುಗ ತೀರಿಕೊಂಡ. ಆಗಸ್ಟಿನಲ್ಲಿ ವಿಶ್ವವಿದ್ಯಾಲಯ ಹೊಣೆ ಒಪ್ಪಿಕೊಂಡಿತು. ಅದಕ್ಕೆ ಒಂದು ವರ್ಷ ಮುಂಚೆಯೇ ಟ್ರೇನರುಗಳನ್ನು ಕ್ರೀಡಾ ವಿಭಾಗದ ಕೈಯಿಂದ ತೆಗೆದು ವೈದ್ಯಕೀಯ ವಿಭಾಗದ ಕೆಳಗೆ ತರುವ ಪ್ರಸ್ತಾಪ ಬಂದಿತ್ತು, ಅದು ಒಪ್ಪಿಗೆ ಆಗಲಿಲ್ಲ ಎಂದು ಪತ್ರಿಕೆಗಳು ಬರೆದವು.

ಬ್ಯಾಂಕಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಇದು ಥಟ್ಟನೆ ಅರ್ಥವಾಗುತ್ತದೆ ಸ್ವಾಮಿ. ಮಾರ್ಚ್ 31 ಹತ್ತಿರ ಬಂದಾಗ ಶಾಖೆಯ ಮ್ಯಾನೇಜರ್ ತಲೆಯಲ್ಲಿ ಟಾರ್ಗೆಟ್ ಒಂದೇ. ಅವನು ಕೆಟ್ಟವನಲ್ಲ, ಅವನ ಕುರ್ಚಿ ಹಾಗಿದೆ. ಅದಕ್ಕೇ ಕಾನ್‌ಕರೆಂಟ್ ಆಡಿಟರ್ ಅದೇ ಶಾಖೆಯಲ್ಲಿ ಕೂತರೂ ವರದಿ ಕೊಡುವುದು ಮ್ಯಾನೇಜರ್‌ಗೆ ಮಾತ್ರ ಅಲ್ಲ, ಮೇಲಿನವರಿಗೆ. ಆಡಿಟರ್‌ನ ಇನ್‌ಕ್ರಿಮೆಂಟು ಮ್ಯಾನೇಜರ್ ಕೈಲಿದ್ದರೆ ಆ ಶಾಖೆಯಲ್ಲಿ ಒಂದು ಸಾಲವೂ ಕೆಟ್ಟ ಸಾಲ ಆಗುವುದಿಲ್ಲ, ಕಾಗದದಲ್ಲಿ! ಕೋಚ್ ಅಂದರೆ ಶಾಖಾ ಮ್ಯಾನೇಜರ್. ಅವನಿಗೆ ಗೆಲುವು ಬೇಕು. ಅವನ ಕೈಕೆಳಗೆ ಸಂಬಳ ಎಣಿಸುವವರು ಫೈನಲ್ ದಿನ ‘ಇವಳು ಆಡುವ ಹಾಗಿಲ್ಲ’ ಅಂತ ಎಷ್ಟು ಸಲ ಹೇಳಿಯಾರು? ಅಮೆರಿಕದ ಐದು ದೊಡ್ಡ ಕಾಲೇಜು ಕಾನ್ಫರೆನ್ಸುಗಳು 2016ರಲ್ಲಿ ಒಂದು ನಿಯಮ ತಂದವು, ವೈದ್ಯರು ಮತ್ತು ಟ್ರೇನರುಗಳ ನಿರ್ಧಾರವನ್ನು ಕೋಚ್ ಪ್ರಶ್ನಿಸುವಂತಿಲ್ಲ ಅಂತ. ಮೆಕ್‌ನೇರ್ ಸತ್ತದ್ದು ಆ ನಿಯಮ ಬಂದ ಎರಡು ವರ್ಷಕ್ಕೆ, ಅಂಥದೇ ಒಂದು ಕಾನ್ಫರೆನ್ಸಿನಲ್ಲಿ. ಇನ್ನೊಂದು ಮಾತು, ಅಲ್ಲಿ ಎಲ್ಲ ಕಡೆ ಇವರು ಇದ್ದಾರೆ ಅಂತಲೂ ಅಲ್ಲ. ಸುಮಾರು ಮೂರರಲ್ಲಿ ಒಂದು ಹೈಸ್ಕೂಲಿನಲ್ಲಿ ಅಥ್ಲೆಟಿಕ್ ಟ್ರೇನರ್ ಇಲ್ಲ.

ಇನ್ನು ನಮ್ಮ ಕಡೆಗೆ ಬರೋಣ. ನಮ್ಮಲ್ಲಿ ಈ ಕೆಲಸ ಯಾರೂ ಮಾಡುತ್ತಿರಲಿಲ್ಲ ಅಂತಲ್ಲ. ನಮ್ಮೂರ ಗರಡಿಮನೆಯ ವಸ್ತಾದರಿಗೆ ಪೈಲ್ವಾನರ ಮೈಯ ಒಂದೊಂದು ನರವೂ ಗೊತ್ತಿರುತ್ತಿತ್ತು. ತಿಕ್ಕುವುದು, ಪಥ್ಯ, ಕೀಲು ಕೂಡಿಸುವುದು ಎಲ್ಲ ಅವರೇ. ಆದರೆ ಜಾತ್ರೆಯ ಕುಸ್ತಿಗೆ ಪೈಲ್ವಾನನನ್ನು ಇಳಿಸಬೇಕಾದವರೂ ಅವರೇ, ತಾಲೀಮಿನ ಮರ್ಯಾದೆ ಹೊತ್ತವರೂ ಅವರೇ. ಮ್ಯಾನೇಜರೂ ಆಡಿಟರೂ ಒಬ್ಬರೇ!

ನೋವು ನುಂಗಿ ಆಡುವುದನ್ನು ನಾವು ಮೆಚ್ಚುತ್ತೇವೆ. ನನ್ನನ್ನೂ ಸೇರಿಸಿ. 2002ರ ಮೇ ತಿಂಗಳಲ್ಲಿ ಆಂಟಿಗಾದಲ್ಲಿ ನಮ್ಮ ಕುಂಬ್ಳೆ ಮುರಿದ ದವಡೆಗೆ ಬ್ಯಾಂಡೇಜು ಸುತ್ತಿಕೊಂಡು 14 ಓವರ್ ಎಸೆದು ಲಾರಾನ ವಿಕೆಟ್ ಕಿತ್ತಾಗ ಇಲ್ಲಿ ಮರಾಠಿ ಸಹೋದ್ಯೋಗಿಗಳ ಎದುರು ಒಂದು ವಾರ ಎದೆ ಉಬ್ಬಿಸಿಕೊಂಡು ಓಡಾಡಿದ್ದೆ. ಈಗಲೂ ಆ ಚಿತ್ರ ನೋಡಿದರೆ ರೋಮಾಂಚನವಾಗುತ್ತದೆ. ಆದರೆ ಕುಂಬ್ಳೆ ಅನುಭವಿ, ತನಗೆ ಏನಾಗಿದೆ ಅಂತ ಗೊತ್ತಿದ್ದು ಇಳಿದವರು, ಆಮೇಲೆ ನೇರ ಆಪರೇಶನ್‌ಗೆ ಊರಿಗೆ ಬಂದವರು. ಹದಿನೇಳರ ಹುಡುಗಿಗೆ ಮೊಣಕಾಲೊಳಗೆ ಏನು ಹರಿಯಿತು ಅಂತ ಗೊತ್ತಿರಲಿಲ್ಲ. ನಾವು ಚಪ್ಪಾಳೆ ಎರಡಕ್ಕೂ ಒಂದೇ ಥರ ತಟ್ಟಿದೆವು.

ತಲೆಯ ಪೆಟ್ಟಿನದು ಇನ್ನೂ ಕಠಿಣ. 1998ರ ಫೆಬ್ರವರಿಯಲ್ಲಿ ಢಾಕಾದಲ್ಲಿ ಕ್ಲಬ್ ಪಂದ್ಯ, ರಮಣ್ ಲಾಂಬಾ ಹೆಲ್ಮೆಟ್ ಇಲ್ಲದೆ ಶಾರ್ಟ್ ಲೆಗ್‌ನಲ್ಲಿ ನಿಂತಿದ್ದರು. ಚೆಂಡು ತಲೆಗೆ ಬಡಿಯಿತು. ಎದ್ದು ನಡೆದುಕೊಂಡೇ ಡ್ರೆಸ್ಸಿಂಗ್ ರೂಮಿಗೆ ಹೋದರು. ಮೂರು ದಿನಕ್ಕೆ ಹೋಗಿಬಿಟ್ಟರು. ‘ನಡೀತಾ ಇದ್ದಾನೆ, ಮಾತಾಡ್ತಾ ಇದ್ದಾನೆ, ಏನೂ ಆಗಿಲ್ಲ’ ಅನ್ನುವುದು ನಮ್ಮ ಊರ ಮೈದಾನಗಳಲ್ಲಿ ಇವತ್ತಿಗೂ ವೈದ್ಯಕೀಯ ಪರೀಕ್ಷೆ. 2024ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಜಾರ್ಖಂಡದ ಅಬಕಾರಿ ಕಾನ್‌ಸ್ಟೇಬಲ್ ಭರ್ತಿಗೆ 10 ಕಿಲೋಮೀಟರ್ ಓಟ ಇಟ್ಟಿದ್ದರು. ಹತ್ತಕ್ಕೂ ಹೆಚ್ಚು ಹುಡುಗರು ಸತ್ತರು. ಕಾರಣ ಏನು ಅಂತ ರಾಜಕೀಯದವರು ಜಗಳಾಡಿದರು. ನನಗೆ ಬಂದ ಪ್ರಶ್ನೆ ಸಣ್ಣದು, ಆ ಮೈದಾನಗಳಲ್ಲಿ ಐಸು ನೀರಿನ ತೊಟ್ಟಿ ಎಷ್ಟಿದ್ದವು?

ನಮ್ಮ ವಿಶ್ವವಿದ್ಯಾಲಯಗಳು ಕ್ರೀಡೆ ಕಲಿಸುವುದಿಲ್ಲ ಅಂತ ಹೇಳಲಾರೆ. ಮದ್ರಾಸಿನ ವೈಎಂಸಿಎ ದೈಹಿಕ ಶಿಕ್ಷಣ ಕಾಲೇಜು 1920ರದು, ಕಟ್ಟಿದವರು ಹ್ಯಾರಿ ಕ್ರೋ ಬಕ್ ಎಂಬ ಅಮೆರಿಕದವರೇ. ಗ್ವಾಲಿಯರಿನ ಲಕ್ಷ್ಮೀಬಾಯಿ ಸಂಸ್ಥೆ 1957ರದು, ಪಟಿಯಾಲಾದ ಎನ್‌ಐಎಸ್ 1961ರದು. ಅಲ್ಲಿಂದ ಪಿಟಿ ಮೇಷ್ಟ್ರುಗಳು ಬಂದರು, ಕೋಚುಗಳು ಬಂದರು. ಇನ್ನೊಂದು ಕಡೆ ಫಿಸಿಯೋಥೆರಪಿ ಕಾಲೇಜುಗಳು ಬೀದಿಗೊಂದರಂತೆ ಆಗಿವೆ, ಸ್ಪೋರ್ಟ್ಸ್ ಫಿಸಿಯೋದಲ್ಲಿ ಎಂಪಿಟಿಯೂ ಇದೆ. ಒಳ್ಳೆಯ ಕೆಲಸ ಮಾಡುವವರೂ ಇದ್ದಾರೆ, ಆದರೆ ಐಪಿಎಲ್, ಪ್ರೊ ಕಬಡ್ಡಿ, ರಾಷ್ಟ್ರೀಯ ಶಿಬಿರ ಅಂತ ಮೇಲಿನ ಮಹಡಿಯಲ್ಲಿ. ನಡುವಿನ ಖಾಲಿ ಜಾಗ ನಮ್ಮ ಮಕ್ಕಳು ಆಡುವ ಜಾಗ. ಫಿಸಿಯೋ ಪದವಿ ಇದ್ದವರಿಗೆ ಒಂದು ವರ್ಷ, ಒಂದೂವರೆ ವರ್ಷದ ಕೋರ್ಸು, ಅದರಲ್ಲಿ ಅರ್ಧ ಮೈದಾನದ ಮೇಲೆ, ಇದನ್ನು ಶುರು ಮಾಡುವುದಕ್ಕೆ ನಮ್ಮ ವಿಶ್ವವಿದ್ಯಾಲಯಗಳಿಗೆ ದೊಡ್ಡ ಕಟ್ಟಡ ಬೇಕಿಲ್ಲ. ಪ್ರತಿ ಕಾಲೇಜೂ ಪ್ರತಿ ವಿದ್ಯಾರ್ಥಿಯಿಂದ ಜಿಮ್‌ಖಾನಾ ಫೀ ತೆಗೆದುಕೊಳ್ಳುತ್ತದೆ, ಆಡದವರಿಂದಲೂ. ನಾಲ್ಕೈದು ಕಾಲೇಜು ಸೇರಿ ಒಬ್ಬರನ್ನು ಇಟ್ಟುಕೊಂಡರೂ ಆದೀತು. ಆದರೆ ನೇಮಿಸುವವರು ಕ್ರೀಡಾ ವಿಭಾಗದವರು ಆಗಬಾರದು, ಯಾವುದಾದರೂ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಗಬೇಕು. ಇಷ್ಟು ಇಲ್ಲದಿದ್ದರೆ ಇನ್ನೊಂದು ಸರ್ಟಿಫಿಕೇಟು, ಇನ್ನೊಂದು ಫೀ, ಅಷ್ಟೇ.

“ಕಬಡ್ಡಿಗೆ ಇಷ್ಟೆಲ್ಲ ಬೇಕಾ, ನಾವೆಲ್ಲ ಹೊಲದಲ್ಲಿ ಬಿದ್ದು ಎದ್ದು ಬೆಳೆದವರು” ಅಂತ ಆಫೀಸಿನಲ್ಲಿ ಒಬ್ಬರು ಅಂದರು. ಹೌದು, ನಾನೂ ಹಾಗೇ ಬೆಳೆದವನು. ನನ್ನ ವಾರಿಗೆಯವರಲ್ಲಿ ಐವತ್ತಕ್ಕೇ ಮೆಟ್ಟಿಲು ಹತ್ತಲಾರದವರು ಎಷ್ಟು ಜನ ಇದ್ದಾರೆ ಅಂತ ಎಣಿಸಿ ತೋರಿಸಿದೆ, ಸುಮ್ಮನಾದರು.

ಇನ್ನು ಆ ಫೈಲಿನ ವಿಷಯ. ಇಲ್ಲಿ ನಾನು ಕಾಕಾ ಅಲ್ಲ, ಬ್ಯಾಂಕಿನವನು. ಫೀ, ಊಟ, ವಸತಿ ಸೇರಿ ಅವಳ ಅಂದಾಜು 45 ಲಕ್ಷ. ಏಳೂವರೆ ಲಕ್ಷದ ಮೇಲೆ ಸಾಮಾನ್ಯವಾಗಿ ಅಡಮಾನ ಕೇಳುತ್ತಾರೆ, ಅಂದರೆ ಡೊಂಬಿವಲಿಯ ಆ ಒಂದೇ ಫ್ಲ್ಯಾಟು. ಹತ್ತೂವರೆ ಪರ್ಸೆಂಟು, ಹದಿನೈದು ವರ್ಷ ಅಂತ ಹಿಡಿದರೂ ತಿಂಗಳ ಕಂತು ಐವತ್ತು ಸಾವಿರದ ಹತ್ತಿರ, ಓದುವ ಕಾಲದ ಬಡ್ಡಿ ಬೇರೆ. ಅಮೆರಿಕದ ಕಾರ್ಮಿಕ ಇಲಾಖೆಯ 2023ರ ಲೆಕ್ಕದಲ್ಲಿ ಅಥ್ಲೆಟಿಕ್ ಟ್ರೇನರ್‌ನ ನಡುಮಟ್ಟದ ಸಂಬಳ ವರ್ಷಕ್ಕೆ ಸುಮಾರು 58 ಸಾವಿರ ಡಾಲರ್, ಅಲ್ಲಿನ ಫಿಸಿಯೋಗೆ ಒಂದು ಲಕ್ಷದ ಹತ್ತಿರ. ಮಾಸ್ಟರ್ಸ್ ಓದಿದವರಿಗೆ ಅಲ್ಲಿ ಇದು ದೊಡ್ಡ ಸಂಬಳ ಅಲ್ಲ, ರಾತ್ರಿ, ಶನಿವಾರ, ಭಾನುವಾರ ಎಲ್ಲ ಕೆಲಸ. ವೀಸಾ ಕಥೆ ಬೇರೆ, 2025ರ ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಅಂತ ಘೋಷಣೆ ಬಂದ ಮೇಲೆ ಅಲ್ಲಿ ಕೆಲಸ ಸಿಕ್ಕೇ ಸಿಗುತ್ತದೆ ಅಂತ ಸಾಲದ ಕಾಗದದಲ್ಲಿ ಬರೆಯುವ ಧೈರ್ಯ ನನಗಿಲ್ಲ. ವಾಪಸ್ ಬಂದರೆ? ಕಲಿತದ್ದನ್ನು ಮಾಡುವ ಹುದ್ದೆಯೇ ಇಲ್ಲಿ ಇಲ್ಲ. ಕ್ಲಿನಿಕ್ಕಿನ ಸಂಬಳದಲ್ಲಿ ಐವತ್ತು ಸಾವಿರದ ಕಂತು ಹೊರಡುವುದಿಲ್ಲ.

ಇದನ್ನೆಲ್ಲ ಒಂದು ಕಾಗದದ ಮೇಲೆ ಬರೆದು ಕೊಟ್ಟೆ. ಅವಳು ಓದಿ, “ಹಂಗಾರ ಇಲ್ಲೇ ಎಲ್ಲಿ ಕಲೀಲ್ರಿ ಕಾಕಾ?” ಅಂತ ಕೇಳಿದಳು. ಹೇಳುವುದಕ್ಕೆ ನನ್ನ ಹತ್ತಿರ ಒಂದು ಹೆಸರೂ ಇರಲಿಲ್ಲ. ಬೇಡ ಅನ್ನುವುದು ನನಗೆ ಸುಲಭ, ಅದರ ಬದಲು ಏನು ಅಂತ ತೋರಿಸಬೇಕಾದವರು ತೋರಿಸುತ್ತಿಲ್ಲ. ಸದ್ಯಕ್ಕೆ ಫ್ಲ್ಯಾಟಿನ ಕಾಗದ ಅವರ ಕಪಾಟಿನಲ್ಲೇ ಇದೆ. ಅವಳು ಫೀ ಮಾಫಿ ಇರುವ ಕಡೆ ಬರೆಯುತ್ತಿದ್ದಾಳೆ, ಸಿಕ್ಕರೆ ನೋಡೋಣ ಅಂತ.

ಬರುವ ತಿಂಗಳು ನಮ್ಮ ಕನ್ನಡ ಸಂಘದ ಕ್ರೀಡಾಕೂಟ. ಈ ಸಲ ಮಕ್ಕಳ ಆಟಕ್ಕೆ ಮುಂಚೆ ಇಪ್ಪತ್ತು ನಿಮಿಷ ವಾರ್ಮಪ್ ಮಾಡಿಸುವವಳು ಅವಳೇ, ಐಸ್ ಡಬ್ಬಿ ಹಿಡಿದು ಗೆರೆಯ ಪಕ್ಕ ಕೂರುವವಳೂ ಅವಳೇ. ಅವಳು ಹೊರಗೆ ಬಾ ಅಂದರೆ ಯಾವ ಅಪ್ಪನೂ, ಯಾವ ಕ್ಯಾಪ್ಟನ್ನೂ, ಸಂಘದ ಅಧ್ಯಕ್ಷರೂ ಮಾತಾಡುವ ಹಾಗಿಲ್ಲ ಅಂತ ಕಮಿಟಿಯ ಮಿನಿಟ್ಸ್ ಪುಸ್ತಕದಲ್ಲಿ ಬರೆಸಿದ್ದೇನೆ. ಇಬ್ಬರು ವಿರೋಧಿಸಿದರು. ಒಬ್ಬರು “ಹಗ್ಗಜಗ್ಗಾಟಕ್ಕೂನಾ?” ಅಂದರು. ಹಗ್ಗಜಗ್ಗಾಟಕ್ಕೂ ಅಂತ ಸೇರಿಸಿ ಬರೆಸಿದೆ.